ಎಂಜಿನ್ ಕೋಣೆ ತೊಳೆದ ನಂತರದ ತೊಂದರೆಗಳು

ಎಂಜಿನ್ ಕೋಣೆ ತೊಳೆದ ನಂತರದ ತೊಂದರೆಗಳು ಎಂದರೆ ಕಾರಿನ ಬಾನೆಟ್ ಕೆಳಗಿನ ಭಾಗವನ್ನು ನೀರಿನಿಂದ ಸ್ವಚ್ಛಗೊಳಿಸಿದ ಬಳಿಕ ಎಂಜಿನ್ನಿನಲ್ಲಿ ಕಾಣಿಸಿಕೊಳ್ಳುವ ದೋಷಗಳು. ಎಂಜಿನ್ ಚಾಲೂ ಆಗದಿರುವುದು, ಚಾಲೂ ಆದರೂ ನಡುಗುವುದು, ಎಳೆತ ಕುಗ್ಗುವುದು, ಚಾಲಕನ ಮುಂದಿನ ಫಲಕದಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುವುದು, ಬೆಲ್ಟ್ ಕಿರುಚುವುದು ಇವುಗಳಲ್ಲಿ ಸಾಮಾನ್ಯವಾದವು. ಇಂತಹ ದೋಷಗಳಲ್ಲಿ ಹೆಚ್ಚಿನವು ವಿದ್ಯುತ್ ಸಂಪರ್ಕಗಳಲ್ಲಿ ನಿಂತ ತೇವದಿಂದ ಹುಟ್ಟುತ್ತವೆಯೇ ಹೊರತು ಯಂತ್ರಭಾಗಗಳು ಕೆಟ್ಟಿರುವುದರಿಂದ ಅಲ್ಲ. ಆದುದರಿಂದ ನೀರು ನಿಂತಿರುವ ಸ್ಥಳವನ್ನು ಗುರುತಿಸಿ ಒಣಗಿಸುವುದು ದುರಸ್ತಿಯ ಮೊದಲ ಕೆಲಸ. ಬಿಡಿಭಾಗಗಳನ್ನು ಬದಲಾಯಿಸುವುದು ಕೊನೆಯ ಕೆಲಸ. ಇದಕ್ಕೆ ಒಂದು ಅಪವಾದವಿದೆ. ಸಿಲಿಂಡರಿನ ಒಳಗೇ ನೀರು ಸೇರಿದ್ದರೆ ಒಣಗುವವರೆಗೆ ಕಾಯುವುದರಿಂದ ಪ್ರಯೋಜನವಿಲ್ಲ, ಮತ್ತೆ ಮತ್ತೆ ಕೀ ತಿರುಗಿಸಿದರೆ ಎಂಜಿನ್ ಶಾಶ್ವತವಾಗಿ ಹಾಳಾಗಬಹುದು.

ಈ ಲೇಖನದ ವಿವರಣೆ ಮುಖ್ಯವಾಗಿ ಭಾರತದ ರಸ್ತೆಗಳಲ್ಲಿ ಸಾಮಾನ್ಯವಾಗಿರುವ ಮೂರು ಅಥವಾ ನಾಲ್ಕು ಸಿಲಿಂಡರುಗಳ, ಇಂಜೆಕ್ಷನ್ ವ್ಯವಸ್ಥೆಯ ಪೆಟ್ರೋಲ್ ಕಾರುಗಳಿಗೆ ಅನ್ವಯಿಸುತ್ತದೆ. ಹಳೆಯ ಕಾರ್ಬ್ಯುರೇಟರ್ ಕಾರುಗಳು, ಡೀಸೆಲ್ ಕಾರುಗಳು ಹಾಗೂ ಹೈಬ್ರಿಡ್ ಕಾರುಗಳ ವಿಷಯವನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಹೇಳಲಾಗಿದೆ.

ಹಿನ್ನೆಲೆ

ಎಂಜಿನ್ ಕೋಣೆಯನ್ನು ತೊಳೆಯುವುದಕ್ಕೆ ಕಾರಣಗಳು ಹಲವು. ಜಿನುಗಿದ ಎಣ್ಣೆಗೆ ಧೂಳು ಅಂಟಿ ಗಟ್ಟಿಯಾದ ಜಿಡ್ಡು, ಮಣ್ಣು ರಸ್ತೆಗಳ ಕೆಸರು, ಇಲಿಗಳು ತಂದು ಗುಡ್ಡೆ ಹಾಕಿದ ಕಸ ಮುಂತಾದವುಗಳನ್ನು ತೆಗೆಯಬೇಕಾಗುತ್ತದೆ. ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂಬುದನ್ನು ಕಂಡುಹಿಡಿಯಲು ಮೆಕ್ಯಾನಿಕ್‌ಗಳೂ ಮೊದಲು ತೊಳೆಸುತ್ತಾರೆ. ಬಳಸಿದ ಕಾರನ್ನು ಮಾರುವವರು ಅಂದಕ್ಕಾಗಿ ತೊಳೆಸುವುದುಂಟು. ಕರ್ನಾಟಕದಲ್ಲಿ ನವರಾತ್ರಿಯ ಆಯುಧಪೂಜೆಗೆ ಮುನ್ನ ವಾಹನಗಳನ್ನು ತೊಳೆಯುವ ರೂಢಿ ಇರುವುದರಿಂದ, ಆ ದಿನಗಳಲ್ಲಿ ಜನರ ಮಾತಿನಲ್ಲಿ ‘ವಾಟರ್ ಸರ್ವಿಸ್’ ಎನಿಸಿಕೊಂಡ ತೊಳೆಯುವ ಕೇಂದ್ರಗಳಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಅವಸರದ ಕೆಲಸದಲ್ಲಿ ಚಕ್ರಗಳಿಗೆ ಹಿಡಿದ ಅದೇ ಒತ್ತಡದ ಪೈಪನ್ನು ಬಾನೆಟ್ ಎತ್ತಿ ಒಳಗೂ ಹಿಡಿಯುವುದು ತೊಂದರೆಗಳ ಸಾಮಾನ್ಯ ಮೂಲ.

ಎಂಜಿನ್ ಕೋಣೆಯ ಹೊರನೋಟದ ಸ್ವಚ್ಛತೆಯಿಂದ ಎಂಜಿನ್ನಿನ ಕಾರ್ಯಕ್ಷಮತೆ ಹೆಚ್ಚುವುದಿಲ್ಲ. ದಪ್ಪ ಜಿಡ್ಡು ಶಾಖ ಹೊರಹೋಗುವುದನ್ನು ಸ್ವಲ್ಪ ತಡೆಯುತ್ತದೆ, ಬೆಂಕಿಯ ಅಪಾಯವನ್ನೂ ಹೆಚ್ಚಿಸುತ್ತದೆ ಎಂಬುದು ನಿಜವಾದರೂ, ತೆಳುವಾದ ಧೂಳಿನಿಂದ ಯಾವ ಹಾನಿಯೂ ಇಲ್ಲ.

ನೀರು ತೊಂದರೆ ಕೊಡುವ ಬಗೆ

ಮಳೆಯಲ್ಲಿ ಗಂಟೆಗಟ್ಟಲೆ ಓಡಿದರೂ ಕೆಡದ ಎಂಜಿನ್ ಹತ್ತು ನಿಮಿಷದ ತೊಳೆತಕ್ಕೆ ಏಕೆ ಕೆಡಬೇಕು ಎಂಬ ಪ್ರಶ್ನೆ ಸಹಜ. ಉತ್ತರ ನೀರಿನ ಪ್ರಮಾಣದಲ್ಲಿಲ್ಲ, ಅದು ಬರುವ ದಿಕ್ಕು ಮತ್ತು ಒತ್ತಡದಲ್ಲಿದೆ. ಓಡುವ ಕಾರಿನ ಎಂಜಿನ್ನಿಗೆ ನೀರು ಮುಂಭಾಗದ ಜಾಲರಿಯಿಂದಲೂ ಕೆಳಗಿನ ರಸ್ತೆಯಿಂದಲೂ ಹನಿಯಾಗಿ ಸಿಡಿಯುತ್ತದೆ. ಬಾನೆಟ್ ಮೇಲಿನಿಂದ ರಕ್ಷಣೆ ಕೊಡುತ್ತದೆ. ತೊಳೆಯುವಾಗ ಬಾನೆಟ್ ತೆರೆದಿರುತ್ತದೆ, ನೀರು ನೇರವಾಗಿ ಮೇಲಿನಿಂದ ಬೀಳುತ್ತದೆ.

ವಿದ್ಯುತ್ ಉಪಕರಣಗಳು ಧೂಳು ಮತ್ತು ನೀರನ್ನು ಎಷ್ಟರಮಟ್ಟಿಗೆ ತಡೆಯುತ್ತವೆ ಎಂಬುದನ್ನು ‘ಐಪಿ’ ಎಂಬ ಅಂತರರಾಷ್ಟ್ರೀಯ ಸಂಕೇತದಿಂದ ಸೂಚಿಸುತ್ತಾರೆ. ಐಪಿ67 ಎಂಬ ಗುರುತಿರುವ ಕನೆಕ್ಟರ್ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಒಳಗೆ ನೀರು ಬಿಡಬಾರದು. ಆದರೆ ಒಂದು ಮೀಟರ್ ಆಳದ ನೀರಿನ ಒತ್ತಡ ಕೇವಲ 0.1 ಬಾರ್. ತೊಳೆಯುವ ಯಂತ್ರಗಳ ಒತ್ತಡ 100 ಬಾರನ್ನು ಮೀರುವುದುಂಟು. ಅಂತಹ ಧಾರೆಯನ್ನು ಹತ್ತಿರದಿಂದ ತಾಳಿಕೊಳ್ಳಲು ಐಪಿ69ಕೆ ಎಂಬ ಬೇರೆಯೇ ಮಟ್ಟವಿದೆ. ಅದರ ಪರೀಕ್ಷೆಯಲ್ಲಿ 80 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು 80ರಿಂದ 100 ಬಾರ್ ಒತ್ತಡದಲ್ಲಿ ಸಿಡಿಸಲಾಗುತ್ತದೆ. ಕಾರಿನ ಎಲ್ಲ ಕನೆಕ್ಟರುಗಳೂ ಈ ಮಟ್ಟದವಲ್ಲ. ಅಲ್ಲದೆ ಈ ಗುರುತುಗಳು ಹೊಸ ಭಾಗಗಳಿಗೆ ಸಂಬಂಧಿಸಿದವು. ಎಂಟು ಹತ್ತು ವರ್ಷ ಎಂಜಿನ್ನಿನ ಬಿಸಿಯಲ್ಲಿ ಬೆಂದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ಪ್ಲಾಸ್ಟಿಕ್ ಕೊಂಡಿಗಳು ಮುರಿದಿರುತ್ತವೆ.

ಶುದ್ಧ ನೀರು ವಿದ್ಯುತ್ತಿನ ಒಳ್ಳೆಯ ವಾಹಕವಲ್ಲ. ನಲ್ಲಿ ಅಥವಾ ಕೊಳವೆ ಬಾವಿಯ ನೀರಿನಲ್ಲಿ ಲವಣಗಳಿರುವುದರಿಂದ ಅದು ವಿದ್ಯುತ್ತನ್ನು ಹಾಯಿಸುತ್ತದೆ. ತೊಳೆಯುವ ಸಾಬೂನು ಸೇರಿದರೆ ಎರಡು ಕೆಡುಕು: ವಾಹಕತೆ ಹೆಚ್ಚುತ್ತದೆ, ಮೇಲ್ಮೈ ಸೆಳೆತ ಕಡಿಮೆಯಾಗಿ ನೀರು ಅತಿ ಕಿರಿದಾದ ಸಂದುಗಳಿಗೂ ನುಸುಳುತ್ತದೆ.

ತೊಳೆದದ್ದರಿಂದ ದೋಷ ಹುಟ್ಟಿತು ಎನ್ನುವುದಕ್ಕಿಂತ ಇದ್ದ ದೋಷ ಬಯಲಾಯಿತು ಎನ್ನುವುದು ಅನೇಕ ಸಲ ಸರಿಯಾದ ಮಾತು. ಇಲಿ ಕಚ್ಚಿ ಹೊದಿಕೆ ಕಳೆದುಕೊಂಡ ತಂತಿ ಒಣಗಿರುವಷ್ಟು ದಿನ ಸುಮ್ಮನೆ ಕೆಲಸ ಮಾಡುತ್ತಿರುತ್ತದೆ. ಒದ್ದೆಯಾದ ದಿನ ತನ್ನ ಸ್ಥಿತಿಯನ್ನು ತೋರಿಸುತ್ತದೆ.

ಕಿಡಿ ವ್ಯವಸ್ಥೆ ಮತ್ತು ಪ್ಲಗ್ ಕುಳಿಗಳು

ತೊಳೆದ ನಂತರ ಎಂಜಿನ್ ನಡುಗಿದರೆ ಮೊದಲು ಸಂಶಯಿಸಬೇಕಾದದ್ದು ಕಿಡಿ ವ್ಯವಸ್ಥೆಯನ್ನು. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಇಪ್ಪತ್ತು ಸಾವಿರಕ್ಕೂ ಹೆಚ್ಚು ವೋಲ್ಟಿಗೆ ಏರಿಸುತ್ತದೆ. ಆ ಒತ್ತಡದಿಂದ ಸ್ಪಾರ್ಕ್ ಪ್ಲಗ್‌ನ ತುದಿಯಲ್ಲಿರುವ ಸುಮಾರು ಒಂದು ಮಿಲಿಮೀಟರ್ ಸಂದಿನಲ್ಲಿ ಕಿಡಿ ಹಾರುತ್ತದೆ. ಹೊಸ ಎಂಜಿನ್ನುಗಳಲ್ಲಿ ಪ್ಲಗ್‌ಗಳು ಸಿಲಿಂಡರ್ ಹೆಡ್‌ನ ನಡುವೆ ಆಳವಾದ ಕುಳಿಗಳಲ್ಲಿ ಕೂತಿರುತ್ತವೆ. ಪ್ರತಿ ಪ್ಲಗ್‌ನ ಮೇಲೂ ಒಂದೊಂದು ಕಾಯಿಲ್ ರಬ್ಬರ್ ತೋಳಿನ ಸಮೇತ ಇಳಿದಿರುತ್ತದೆ. ಕುಳಿಯ ಬಾಯಿಯನ್ನು ಮುಚ್ಚುವ ರಬ್ಬರ್ ಅಂಚು ಸಡಿಲವಾಗಿದ್ದರೆ ಮೇಲೆ ಸುರಿದ ನೀರು ಕೆಳಗಿಳಿದು ಅಲ್ಲೇ ನಿಲ್ಲುತ್ತದೆ. ಕೆಲವು ಎಂಜಿನ್ನುಗಳಲ್ಲಿ ಕುಳಿಯ ತಳದಿಂದ ಹೊರಗೆ ಸಣ್ಣ ರಂಧ್ರವೊಂದು ಇರುತ್ತದೆ. ಅದು ಧೂಳಿನಿಂದ ಕಟ್ಟಿಕೊಂಡಿದ್ದರೆ ಇದ್ದೂ ಇಲ್ಲದಂತೆ.

ಕುಳಿಯಲ್ಲಿ ನೀರಿದ್ದಾಗ ಕಾಯಿಲ್‌ನ ವಿದ್ಯುತ್ತಿಗೆ ಎರಡು ದಾರಿಗಳು ಸಿಗುತ್ತವೆ. ಒಂದು ಪ್ಲಗ್‌ನ ತುದಿಯ ಸಂದು, ಇನ್ನೊಂದು ಒದ್ದೆಯಾದ ರಬ್ಬರಿನ ಮೇಲಿನಿಂದ ಹರಿದು ಸಿಲಿಂಡರ್ ಹೆಡ್‌ನ ಲೋಹ. ಸುಲಭವಾದ ದಾರಿಯನ್ನು ಅದು ಹಿಡಿಯುತ್ತದೆ. ಸಿಲಿಂಡರಿನೊಳಗಿನ ಅನಿಲದ ಒತ್ತಡ ಹೆಚ್ಚಿದಂತೆ ಪ್ಲಗ್‌ನಲ್ಲಿ ಕಿಡಿ ಹಾರುವುದು ಕಷ್ಟವಾಗುತ್ತದೆ. ಎಂಜಿನ್ನಿನ ಮೇಲೆ ಹೊರೆ ಬಿದ್ದಾಗಲೇ ಈ ಒತ್ತಡ ಹೆಚ್ಚುವುದು. ಆದ್ದರಿಂದ ನಿಂತಲ್ಲಿ ಸರಿಯಾಗಿಯೇ ಓಡುವ ಎಂಜಿನ್ ಆಕ್ಸಿಲರೇಟರ್ ತುಳಿದಾಗ ಅಥವಾ ಘಟ್ಟ ಏರುವಾಗ ಮುಗ್ಗರಿಸುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ಅಂಗಳದಲ್ಲಿ ಚಾಲೂ ಮಾಡಿ ನೋಡಿ ಎಲ್ಲವೂ ಸರಿಯಿದೆ ಎಂದು ತೀರ್ಮಾನಿಸುವುದು ಈ ಕಾರಣದಿಂದ ಸಾಲದು.

ಹೀಗೆ ದಾರಿ ತಪ್ಪಿದ ವಿದ್ಯುತ್ತು ಪದೇ ಪದೇ ಹರಿದಲ್ಲಿ ರಬ್ಬರಿನ ಅಥವಾ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಕಪ್ಪು ಗೆರೆಯೊಂದು ಮೂಡುತ್ತದೆ. ಅದು ಇಂಗಾಲದ ಗೆರೆ, ತಾನೇ ವಾಹಕ. ಅದು ಮೂಡಿದ ಮೇಲೆ ಎಷ್ಟು ಒಣಗಿಸಿದರೂ ದೋಷ ಹೋಗುವುದಿಲ್ಲ. ಆ ರಬ್ಬರ್ ತೋಳನ್ನು ಅಥವಾ ಪ್ಲಗ್ಗನ್ನು ಬದಲಾಯಿಸಬೇಕು. ನಡುಗುವ ಎಂಜಿನ್ನನ್ನು ‘ಓಡುತ್ತಾ ಓಡುತ್ತಾ ಸರಿಯಾಗುತ್ತದೆ’ ಎಂದು ಓಡಿಸುತ್ತಲೇ ಇರಬಾರದೆನ್ನುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಕ್ಯಾಟಲಿಟಿಕ್ ಕನ್ವರ್ಟರ್. ಕಿಡಿ ತಪ್ಪಿದ ಸಿಲಿಂಡರಿನ ಪೆಟ್ರೋಲ್ ಉರಿಯದೆ ಹೊಗೆ ಕೊಳವೆಗೆ ಹೋಗಿ ಕನ್ವರ್ಟರಿನೊಳಗೆ ಉರಿಯುತ್ತದೆ. ಅತಿಯಾದ ಶಾಖಕ್ಕೆ ಅದರ ಒಳಗಿನ ಜೇನುಗೂಡಿನಂತಹ ರಚನೆ ಕರಗಬಹುದು. ಒಂದು ಕಾಯಿಲ್‌ಗಿಂತ ಕನ್ವರ್ಟರ್ ಎಷ್ಟೋ ಪಟ್ಟು ದುಬಾರಿ.

ಎಂಜಿನ್ ಚಿತ್ರವಿರುವ ಹಳದಿ ದೀಪ ಸ್ಥಿರವಾಗಿ ಹೊತ್ತಿದ್ದರೆ ದೋಷ ದಾಖಲಾಗಿದೆ ಎಂದರ್ಥ. ಅದೇ ದೀಪ ಮಿಟುಕುತ್ತಿದ್ದರೆ ಕನ್ವರ್ಟರಿಗೆ ಹಾನಿಯಾಗುವಷ್ಟು ಕಿಡಿ ತಪ್ಪುತ್ತಿದೆ ಎಂಬ ಸೂಚನೆ. ಆಗ ಕಾರನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು.

ಸಿಲಿಂಡರಿನೊಳಗೆ ನೀರು

ದ್ರವವನ್ನು ಅನಿಲದಂತೆ ಅದುಮಲಾಗದು. ಪಿಸ್ಟನ್ ಮೇಲೇರುವಾಗ ಅದರ ಮೇಲೆ ಉಳಿಯುವ ಜಾಗಕ್ಕಿಂತ ಹೆಚ್ಚು ನೀರು ಸಿಲಿಂಡರಿನಲ್ಲಿದ್ದರೆ ಪಿಸ್ಟನ್ ಥಟ್ಟನೆ ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗಬಹುದು ಅಥವಾ ಮುರಿಯಬಹುದು. ಇದನ್ನು ಹೈಡ್ರೋಲಾಕ್ ಎನ್ನುತ್ತಾರೆ. ಇದಕ್ಕೆ ಬಿಂದಿಗೆಗಟ್ಟಲೆ ನೀರು ಬೇಕಾಗಿಲ್ಲ. 1,200 ಸಿಸಿ ಗಾತ್ರದ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಪಾಲು 300 ಸಿಸಿ. ಸಂಪೀಡನ ಅನುಪಾತ 10 ಎಂದಾದರೆ ಪಿಸ್ಟನ್ ಮೇಲ್ತುದಿಗೆ ಬಂದಾಗ ಉಳಿಯುವ ಜಾಗ 300ನ್ನು 9ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 33 ಮಿಲಿಲೀಟರ್. ಎರಡು ದೊಡ್ಡ ಚಮಚಗಳಿಗಿಂತ ತುಸು ಹೆಚ್ಚು ನೀರು ಸಾಕು. ಡೀಸೆಲ್ ಎಂಜಿನ್ನುಗಳಲ್ಲಿ ಈ ಅನುಪಾತ 16ರ ಆಸುಪಾಸಿನಲ್ಲಿರುವುದರಿಂದ ಇದೇ ಗಾತ್ರದ ಸಿಲಿಂಡರಿಗೆ 20 ಮಿಲಿಲೀಟರ್ ಸಾಕಾಗುತ್ತದೆ.

ಈ ಲೆಕ್ಕವನ್ನು ಪ್ಲಗ್ ಕುಳಿಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಎರಡೂವರೆ ಸೆಂಟಿಮೀಟರ್ ವ್ಯಾಸದ, ಹತ್ತು ಸೆಂಟಿಮೀಟರ್ ಆಳದ ಕುಳಿಯ ಗಾತ್ರ ಸುಮಾರು 49 ಮಿಲಿಲೀಟರ್. ಪ್ಲಗ್ ಆಕ್ರಮಿಸುವ ಜಾಗವನ್ನು ಕಳೆದರೂ ತುಂಬಿದ ಕುಳಿಯ ನೀರು ಸಿಲಿಂಡರನ್ನು ಕಟ್ಟಿಹಾಕಲು ಸಾಲುವಷ್ಟು ಆಗಬಹುದು. ಕುಳಿಯಲ್ಲಿ ನೀರು ಇರುವಾಗಲೇ ಪ್ಲಗ್ಗನ್ನು ಬಿಚ್ಚಿದರೆ ಅದಷ್ಟೂ ಸಿಲಿಂಡರಿಗೆ ಇಳಿಯುತ್ತದೆ. ಕಾಯಿಲ್ ತೆಗೆದ ಮೇಲೆ ಮೊದಲು ಕುಳಿಯನ್ನು ಪೂರ್ತಿ ಒಣಗಿಸಿ, ಆ ನಂತರವೇ ಪ್ಲಗ್ಗಿಗೆ ಪಾನಾ ಹಾಕಬೇಕು. ಈ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಇದರಷ್ಟು ಸಣ್ಣದಾಗಿ ಕಾಣಿಸಿ ಇದರಷ್ಟು ದೊಡ್ಡ ಬೆಲೆ ಕೇಳುವುದು ಇನ್ನೊಂದಿಲ್ಲ.

ತೊಳೆಯುವುದರಿಂದ ಸಿಲಿಂಡರಿಗೆ ನೀರು ಸೇರುವ ಇನ್ನೊಂದು ದಾರಿ ಗಾಳಿಯ ಕೊಳವೆ. ಏರ್ ಫಿಲ್ಟರ್ ಪೆಟ್ಟಿಗೆಯ ಮುಚ್ಚಳ ಸಡಿಲವಾಗಿದ್ದು, ಎಂಜಿನ್ ಓಡುತ್ತಿರುವಾಗಲೇ ನೀರು ಹಾಯಿಸಿದರೆ ಇದು ಸಾಧ್ಯ. ನೆರೆಯ ನೀರಿನಲ್ಲಿ ಕಾರು ಓಡಿಸಿದಾಗ ಆಗುವಷ್ಟು ಸಾಮಾನ್ಯವಾಗಿ ತೊಳೆಯುವಾಗ ಇದು ಆಗುವುದಿಲ್ಲ.

ಕೀ ತಿರುಗಿಸಿದಾಗ ಎಂಜಿನ್ ಅರ್ಧ ಸುತ್ತು ತಿರುಗಿ ‘ಠಕ್’ ಎಂದು ನಿಂತರೆ ಇನ್ನೊಮ್ಮೆ ಪ್ರಯತ್ನಿಸಬಾರದು. ಕಾರನ್ನು ತಳ್ಳಿ ಗೇರಿಗೆ ಹಾಕಿ ಚಾಲೂ ಮಾಡುವ ಉಪಾಯವಂತೂ ಇಲ್ಲಿ ವಿನಾಶಕಾರಿ. ಎಲ್ಲ ಪ್ಲಗ್‌ಗಳನ್ನು ಬಿಚ್ಚಿ, ಕಾಯಿಲ್ ಮತ್ತು ಇಂಜೆಕ್ಟರುಗಳ ವಿದ್ಯುತ್ ಸಂಪರ್ಕ ತಪ್ಪಿಸಿ, ಪ್ಲಗ್ ರಂಧ್ರಗಳ ಮೇಲೆ ಬಟ್ಟೆ ಹಾಸಿ ಎಂಜಿನ್ನನ್ನು ತಿರುಗಿಸಿದರೆ ನೀರು ಆ ರಂಧ್ರಗಳಿಂದ ಹೊರಗೆ ಚಿಮ್ಮುತ್ತದೆ. ಇದು ಅನುಭವಿ ಮೆಕ್ಯಾನಿಕ್‌ನ ಕೆಲಸ. ಭಾರತದ ಸಾಮಾನ್ಯ ಮೋಟಾರು ವಿಮೆಯಲ್ಲಿ ಪರಿಣಾಮವಾಗಿ ಉಂಟಾಗುವ ಹಾನಿ ಒಳಗೊಳ್ಳುವುದಿಲ್ಲ. ಎಂಜಿನ್ನಿಗೆ ನೀರು ನುಗ್ಗಿದ ಮೇಲೆ ಚಾಲೂ ಮಾಡಲು ಯತ್ನಿಸಿ ಆದ ಹಾನಿಯನ್ನು ಕಂಪನಿಗಳು ಈ ಪಟ್ಟಿಗೆ ಸೇರಿಸುತ್ತವೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಭಾಗವನ್ನು ಬೇರೆ ಕಂತು ಕಟ್ಟಿ ಪಡೆದಿರಬೇಕಾಗುತ್ತದೆ.

ಪರೀಕ್ಷಿಸುವ ಕ್ರಮ

ಎಂಜಿನ್ ಚಾಲೂ ಆಗದಿದ್ದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು ತಿರುಗುತ್ತಿದೆಯೇ ಎಂಬುದು. ಕೀ ತಿರುಗಿಸಿದಾಗ ಸ್ಟಾರ್ಟರ್ ಸದ್ದೇ ಮಾಡದಿದ್ದರೆ, ಜನರ ಮಾತಿನಲ್ಲಿ ‘ಸೆಲ್ಫ್’ ತೆಗೆದುಕೊಳ್ಳದಿದ್ದರೆ, ದೋಷ ಬ್ಯಾಟರಿಯ ತುದಿಗಳಲ್ಲಿ, ಫ್ಯೂಸ್ ಪೆಟ್ಟಿಗೆಯಲ್ಲಿ, ರಿಲೇಯಲ್ಲಿ ಅಥವಾ ಸ್ಟಾರ್ಟರಿನ ಸಂಪರ್ಕದಲ್ಲಿರುತ್ತದೆ. ದೀಪಗಳು ಮಂಕಾಗಿ ‘ಟಕಟಕ’ ಸದ್ದು ಮಾತ್ರ ಬಂದರೆ ಬ್ಯಾಟರಿ ಇಳಿದಿದೆ ಅಥವಾ ಅದರ ತುದಿ ಸಡಿಲವಾಗಿದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ.

ಸ್ಟಾರ್ಟರ್ ಚೆನ್ನಾಗಿ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಕಿಡಿ, ಪೆಟ್ರೋಲ್ ಅಥವಾ ಸಂವೇದಕದ ದೋಷ. ಆಗ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದೇ ಸಮನೆ ತಿರುಗಿಸಬಾರದು. ಕಿಡಿಯಿಲ್ಲದೆ ಸಿಂಪಡಿಸಿದ ಪೆಟ್ರೋಲ್ ಪ್ಲಗ್‌ಗಳನ್ನು ತೋಯಿಸುತ್ತದೆ, ಒಂದು ತೇವದ ಮೇಲೆ ಇನ್ನೊಂದು ತೇವ ಸೇರಿದಂತಾಗುತ್ತದೆ. ಹಾಗೆ ಆಗಿದ್ದರೆ ಹೆಚ್ಚಿನ ಇಂಜೆಕ್ಷನ್ ಕಾರುಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿದುಕೊಂಡು ಕೆಲವು ಸೆಕೆಂಡು ತಿರುಗಿಸಿದರೆ ನಿಯಂತ್ರಕವು ಪೆಟ್ರೋಲನ್ನು ನಿಲ್ಲಿಸಿ ಬರಿಯ ಗಾಳಿ ಬಿಡುತ್ತದೆ.

ಎಂಜಿನ್ ಬಂದ್ ಮಾಡಿ, ಬ್ಯಾಟರಿಯ ಋಣ ತುದಿಯನ್ನು ಕಳಚಿ, ಒಂದೊಂದೇ ಕಾಯಿಲ್ಲನ್ನು ಹೊರತೆಗೆದು ಟಾರ್ಚ್ ಬೆಳಕಿನಲ್ಲಿ ಕುಳಿಯನ್ನು ನೋಡಬೇಕು. ಓಡುತ್ತಿರುವ ಎಂಜಿನ್ನಿನಿಂದ ಕಾಯಿಲ್ ಕೀಳುವುದು ಅಪಾಯಕಾರಿ. ನೀರು ಕಂಡರೆ ಬಟ್ಟೆ ಸುತ್ತಿದ ಕಡ್ಡಿಯಿಂದಾಗಲಿ ಪಂಕ್ಚರ್ ಅಂಗಡಿಯಲ್ಲಿರುವಂತಹ ಗಾಳಿ ಯಂತ್ರದಿಂದಾಗಲಿ ತೆಗೆಯಬಹುದು. ಗಾಳಿ ಹಾಯಿಸುವಾಗ ಕಣ್ಣಿಗೆ ರಕ್ಷಣೆ ಇರಬೇಕು. ಬರಿದೇ ಎಂಜಿನ್ ಬಿಸಿ ಮಾಡುವುದರಿಂದ ಕುಳಿಯ ನೀರು ಬೇಗ ಹೋಗುವುದಿಲ್ಲ. ಅದು ಆವಿಯಾಗಿ ರಬ್ಬರ್ ಮುಚ್ಚಳಕ್ಕೆ ತಾಗಿ ಮತ್ತೆ ಹನಿಯಾಗಿ ಕೆಳಗೇ ಬೀಳುತ್ತದೆ. ‘ಎರಡು ದಿನ ಬಿಸಿಲಲ್ಲಿ ನಿಲ್ಲಿಸಿದರೂ ಸರಿಹೋಗಲಿಲ್ಲ’ ಎಂಬ ದೂರಿನ ಹಿಂದೆ ಅನೇಕ ವೇಳೆ ಇರುವುದು ಇದೇ.

ಮುಂದಿನದು ದೋಷ ಸಂಕೇತಗಳ ಓದು. ಭಾರತದಲ್ಲಿ ಎರಡನೆಯ ಹಂತದ ಸ್ವಯಂಪರೀಕ್ಷಾ ವ್ಯವಸ್ಥೆ, ಅಂದರೆ ಓಬಿಡಿ-2, 2013ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ದಾಖಲಾದ ಸಂಕೇತ ಸಿಗುತ್ತದೆ. ಪಿ0300 ಎಂದರೆ ಹಲವು ಸಿಲಿಂಡರುಗಳಲ್ಲಿ ಅಲ್ಲಲ್ಲಿ ದಹನ ತಪ್ಪುತ್ತಿದೆ. ಪಿ0301ರಿಂದ ಪಿ0304ರವರೆಗಿನವು ಕ್ರಮವಾಗಿ ಒಂದರಿಂದ ನಾಲ್ಕನೆಯ ಸಿಲಿಂಡರನ್ನು ಹೆಸರಿಸುತ್ತವೆ. ಪಿ0335 ಕ್ರ್ಯಾಂಕ್‌ಶಾಫ್ಟ್ ಸಂವೇದಕದ, ಪಿ0340 ಕ್ಯಾಮ್‌ಶಾಫ್ಟ್ ಸಂವೇದಕದ ವಿದ್ಯುತ್ ದಾರಿಯನ್ನು ಸೂಚಿಸುತ್ತವೆ.

ಸಂಕೇತವು ದೋಷವಿರುವ ದಾರಿಯನ್ನು ಹೇಳುತ್ತದೆಯೇ ಹೊರತು ಇಂಥ ಭಾಗ ಸತ್ತಿದೆ ಎಂದು ಹೇಳುವುದಿಲ್ಲ. ಸಂವೇದಕದ ಸಂಕೇತ ಕಂಡ ಕೂಡಲೇ ಹೊಸ ಸಂವೇದಕ ತರಿಸುವವರು ಒದ್ದೆಯಾದ ಕನೆಕ್ಟರಿಗೆ ಹೊಸ ಭಾಗವನ್ನು ಜೋಡಿಸಿ ಅದೇ ದೋಷವನ್ನು ಮತ್ತೆ ನೋಡುತ್ತಾರೆ. ಕಾಯಿಲ್‌ಗಳ ವಿಷಯದಲ್ಲಿ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಪಿ0302 ಬಂದಿದ್ದರೆ, ಕುಳಿಗಳನ್ನು ಒಣಗಿಸಿದ ಮೇಲೆ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಅದಲು ಬದಲು ಮಾಡಿ, ಸಂಕೇತವನ್ನು ಅಳಿಸಿ ಓಡಿಸಿ ನೋಡಬೇಕು. ಈಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಪಿ0302 ಅಲ್ಲೇ ಉಳಿದರೆ ದೋಷ ಪ್ಲಗ್‌ನಲ್ಲೋ ತಂತಿಯಲ್ಲೋ ಇಂಜೆಕ್ಟರಿನಲ್ಲೋ ಇದೆ. ಯಾವ ಸಂಕೇತವೂ ಮರಳದಿದ್ದರೆ ನೀರೊಂದೇ ಕಾರಣವಾಗಿತ್ತು.

ಇತರ ಭಾಗಗಳು

ಒದ್ದೆಯಾದ ಕಾಗದದ ಏರ್ ಫಿಲ್ಟರ್ ಗಾಳಿಯನ್ನು ತಡೆದು ಎಂಜಿನ್ನಿನ ಉಸಿರು ಕಟ್ಟಿಸುತ್ತದೆ; ಅದನ್ನು ಒಣಗಿಸಿ ಮರಳಿ ಹಾಕುವುದಕ್ಕಿಂತ ಹೊಸದನ್ನು ಹಾಕುವುದು ಲೇಸು, ಏಕೆಂದರೆ ನೆನೆದು ಒಣಗಿದ ಕಾಗದದ ಮಡಿಕೆಗಳು ಮೊದಲಿನಂತಿರುವುದಿಲ್ಲ. ಗಾಳಿಯ ಪ್ರಮಾಣವನ್ನು ಅಳೆಯುವ ಸಂವೇದಕವಿರುವ ಕಾರುಗಳಲ್ಲಿ ಅದರ ಕಾದ ತಂತಿಯ ಮೇಲೆ ಹನಿ ಕುಳಿತರೆ ತಪ್ಪು ಲೆಕ್ಕ ಹೋಗಿ ಎಂಜಿನ್ ಎಳೆತ ಕಳೆದುಕೊಳ್ಳುತ್ತದೆ. ಕೂದಲೆಳೆಯಂತಹ ಆ ತಂತಿಯನ್ನು ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಮುಟ್ಟಬಾರದು. ಭಾರತದ ಅನೇಕ ಸಣ್ಣ ಕಾರುಗಳಲ್ಲಿ ಇದರ ಬದಲು ಒತ್ತಡ ಅಳೆಯುವ ಸಂವೇದಕವಿರುತ್ತದೆ. ಅಲ್ಲಿ ಕನೆಕ್ಟರನ್ನು ಒಣಗಿಸಿದರೆ ಸಾಕು.

ಆಲ್ಟರ್ನೇಟರಿಗೆ ತಂಪಾಗಲು ಸೀಳುಗಳಿರುತ್ತವೆ. ಅವುಗಳಿಂದ ಒಳಹೋದ ಸಾಬೂನು ನೀರು ಬ್ರಷ್‌ಗಳಿಗೂ ಬೇರಿಂಗಿಗೂ ತಾಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ಚಿತ್ರದ ಕೆಂಪು ದೀಪ ಹೊತ್ತಿದ್ದರೆ ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜ್ ಅಳೆಯಬೇಕು, ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರುತ್ತದೆ. ಬೆಲ್ಟ್ ಕಿರುಚುವುದು ನೀರಿನಿಂದಾದರೆ ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ತೊಳೆಯುವಾಗ ಕರಗಿದ ಎಣ್ಣೆ ಜಿಡ್ಡು ಬೆಲ್ಟಿಗೆ ಹತ್ತಿದೆ ಎಂದು ತಿಳಿಯಬಹುದು.

ಹಾರ್ನ್ ತಾನಾಗಿಯೇ ಕೂಗುವುದು, ರೇಡಿಯೇಟರ್ ಫ್ಯಾನ್ ನಿಲ್ಲದೆ ಓಡುವುದು ಮೊದಲಾದ ವಿಚಿತ್ರ ವರ್ತನೆಗಳು ಫ್ಯೂಸ್ ಪೆಟ್ಟಿಗೆಯಲ್ಲಿ ನೀರಿರುವುದರ ಲಕ್ಷಣ. ಆಕ್ಸಿಲರೇಟರ್ ತುಳಿದರೂ ವೇಗ ಏರದೆ ಕಾರು ತೆವಳಿದರೆ ಥ್ರಾಟಲ್‌ನ ಕನೆಕ್ಟರನ್ನು ನೋಡಬೇಕು. ತಪ್ಪು ಸಂಕೇತ ಬಂದಾಗ ನಿಯಂತ್ರಕ ಬೇಕೆಂದೇ ವೇಗವನ್ನು ಮಿತಗೊಳಿಸುತ್ತದೆ. ಎಣ್ಣೆ ಅಳೆಯುವ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಎಣ್ಣೆಗೆ ನೀರು ಸೇರಿದೆ. ಆ ಎಣ್ಣೆಯಲ್ಲಿ ಎಂಜಿನ್ ಓಡಿಸದೆ ಬದಲಾಯಿಸಬೇಕು. ಬದಲಾಯಿಸಿದ ಮೇಲೂ ಅದೇ ಬಣ್ಣ ಬಂದರೆ ಹೆಡ್ ಗ್ಯಾಸ್ಕೆಟ್ಟಿನ ಸೋರಿಕೆಯನ್ನು ಸಂಶಯಿಸಬೇಕು.

ದೋಷವಲ್ಲದ ಕೆಲವು ಲಕ್ಷಣಗಳೂ ಇವೆ. ತೊಳೆದ ಕೂಡಲೇ ಎಂಜಿನ್ನಿನಿಂದ ಏಳುವ ಬಿಳಿ ಹಬೆ ನೀರಿನದೇ. ಬ್ಯಾಟರಿ ಕಳಚಿ ಮತ್ತೆ ಜೋಡಿಸಿದ್ದರೆ ನಿಯಂತ್ರಕ ತಾನು ಕಲಿತಿದ್ದ ಅಳತೆಗಳನ್ನು ಮರೆತಿರುವುದರಿಂದ ಕೆಲವು ಕಿಲೋಮೀಟರ್ ಓಡುವವರೆಗೆ ನಿಂತಲ್ಲಿನ ಓಟ ಏರುಪೇರಾಗಬಹುದು.

ತಡವಾಗಿ ಕಾಣುವ ಹಾನಿ

ತೊಳೆದ ದಿನ ಏನೂ ಆಗದೆ ತಿಂಗಳುಗಳ ನಂತರ ದೋಷ ಕಾಣಿಸಿಕೊಳ್ಳುವುದೂ ಉಂಟು. ಕನೆಕ್ಟರಿನೊಳಗೆ ಸಿಕ್ಕಿಕೊಂಡ ನೀರು ತಾಮ್ರದ ಪಿನ್ನುಗಳಲ್ಲಿ ಹಸಿರು ಕಿಲುಬು ಹುಟ್ಟಿಸುತ್ತದೆ. ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು ಎಂದು ಕನ್ನಡ ಮಾಡುವ ವ್ಯತ್ಯಾಸ ಇಲ್ಲಿ ಉಪಯುಕ್ತ, ಏಕೆಂದರೆ ಹಸಿರು ಪುಡಿ ಕಂಡಲ್ಲಿ ವಿದ್ಯುತ್ ದಾರಿಯೇ ಸವೆಯುತ್ತಿದೆ. ಕಿಲುಬು ಹಿಡಿದ ಸಂಪರ್ಕ ಒಮ್ಮೆ ಸೇರುತ್ತದೆ, ಒಮ್ಮೆ ಬಿಡುತ್ತದೆ. ಗುಂಡಿಯಲ್ಲಿ ಕುಲುಕಿದಾಗ ಮಾತ್ರ ಎಂಜಿನ್ ನಿಲ್ಲುವಂತಹ, ಗ್ಯಾರೇಜಿನಲ್ಲಿ ಕಾಣದ ದೋಷಗಳು ಹೀಗೆ ಹುಟ್ಟುತ್ತವೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದರ ವೇಗ ಹೆಚ್ಚು. ತೊಳೆದ ದಿನವೇ ಮುಖ್ಯ ಕನೆಕ್ಟರುಗಳನ್ನು ಬಿಚ್ಚಿ, ಸಂಪರ್ಕ ಶುಚಿಗೊಳಿಸುವ ಸ್ಪ್ರೇ ಹೊಡೆದು, ಒಣಗಿಸಿ, ರಬ್ಬರ್ ಅಂಚಿಗೆ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿದರೆ ಇದು ತಪ್ಪುತ್ತದೆ.

ನೀರನ್ನು ಹೊರದೂಡಲು ಮೆಕ್ಯಾನಿಕ್‌ಗಳು ಬಳಸುವ ಡಬ್ಲ್ಯುಡಿ-40 ಎಂಬ ದ್ರವದ ಹೆಸರಿನ ಅರ್ಥವೇ ನೀರನ್ನು ಸ್ಥಳಾಂತರಿಸುವುದು. ನಲವತ್ತನೆಯ ಪ್ರಯತ್ನದಲ್ಲಿ ಸೂತ್ರ ಕೈಗೂಡಿದ್ದರಿಂದ ಆ ಸಂಖ್ಯೆ ಸೇರಿತು. ಒದ್ದೆ ಸಂಪರ್ಕಗಳಿಗೆ ಅದು ನೆರವಾಗುತ್ತದೆ. ಅದು ಉರಿಯುವ ದ್ರವವಾದ್ದರಿಂದ ಬಿಸಿ ಎಂಜಿನ್ನಿನ ಮೇಲೆ ಸಿಂಪಡಿಸಬಾರದು.

ಮುನ್ನೆಚ್ಚರಿಕೆ

ಬಿಸಿ ಎಂಜಿನ್ನಿಗೆ ತಣ್ಣೀರು ಹಾಕಬಾರದು. ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರಿಯಬಹುದು, ಆಮ್ಲಜನಕ ಸಂವೇದಕದ ಒಳಗಿನ ಜಿರ್ಕೋನಿಯಾ ಪಿಂಗಾಣಿ ಒಡೆಯಬಹುದು. ಕೈಯಿಟ್ಟರೆ ಬೆಚ್ಚಗಿರುವಷ್ಟು ಆರಿದ ಮೇಲೆ, ಬ್ಯಾಟರಿಯ ಋಣ ತುದಿ ಕಳಚಿ, ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಕಾಯಿಲ್‌ಗಳು, ಏರ್ ಫಿಲ್ಟರಿನ ಬಾಯಿ ಮತ್ತು ನಿಯಂತ್ರಕ ಪೆಟ್ಟಿಗೆಗೆ ಪ್ಲಾಸ್ಟಿಕ್ ಚೀಲ ಕಟ್ಟಬೇಕು. ಜಿಡ್ಡಿನ ಮೇಲೆ ದ್ರಾವಕ ಸಿಂಪಡಿಸಿ, ಬ್ರಷ್‌ನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಪೈಪಿನ ನೀರೇ ಬೇಕಾಗುವುದಿಲ್ಲ. ನೀರಿನ ಬಳಕೆಯ ದೃಷ್ಟಿಯಿಂದಲೂ ಇದು ಒಳ್ಳೆಯ ವಿಧಾನ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು.

ಬೇರೆ ಬಗೆಯ ಕಾರುಗಳು

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮತ್ತು ಕಾರ್ಬ್ಯುರೇಟರ್ ಇದ್ದ ಮಾರುತಿ 800 ಕಾರುಗಳಲ್ಲಿ ಕಿಡಿಯನ್ನು ಹಂಚಲು ಡಿಸ್ಟ್ರಿಬ್ಯೂಟರ್ ಇತ್ತು. ಅದರ ಮುಚ್ಚಳದೊಳಗೆ ತೇವ ಸೇರಿದರೆ ಎಂಜಿನ್ ಚಾಲೂ ಆಗುತ್ತಿರಲಿಲ್ಲ. ಮುಚ್ಚಳ ತೆಗೆದು ಒಣ ಬಟ್ಟೆಯಿಂದ ಒರೆಸಿದರೆ ಆಗುತ್ತಿತ್ತು. ಸೋರುವ ತಂತಿಯನ್ನು ಗುರುತಿಸಲು ಕತ್ತಲಲ್ಲಿ ಎಂಜಿನ್ ಓಡಿಸಿ ನೀಲಿ ಕಿಡಿ ಎಲ್ಲಿ ಹಾರುತ್ತದೆಂದು ನೋಡುವುದು ಹಳೆಯ ಮೆಕ್ಯಾನಿಕ್‌ಗಳ ಪದ್ಧತಿ.

ಡೀಸೆಲ್ ಎಂಜಿನ್ನಿನಲ್ಲಿ ಸಂಪೀಡನದ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುವುದರಿಂದ ಸ್ಪಾರ್ಕ್ ಪ್ಲಗ್‌ಗಳಿಲ್ಲ, ಆ ಕುಳಿಗಳ ತೊಂದರೆಯೂ ಇಲ್ಲ. ಆದರೆ ಕಾಮನ್ ರೈಲ್ ಡೀಸೆಲ್ ಕಾರುಗಳಲ್ಲಿ ಇಂಜೆಕ್ಟರುಗಳ ಮತ್ತು ಇಂಧನ ಒತ್ತಡದ ಸಂವೇದಕದ ಕನೆಕ್ಟರುಗಳು ಒದ್ದೆಯಾದರೆ ಎಂಜಿನ್ ನಿಲ್ಲುತ್ತದೆ.

ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ ಅಧಿಕ ವೋಲ್ಟೇಜಿನ ತಂತಿಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ. ಈ ತಂತಿಗಳನ್ನಾಗಲಿ ಅವು ಸೇರುವ ಪೆಟ್ಟಿಗೆಗಳನ್ನಾಗಲಿ ಒಣಗಿಸುವ ಉದ್ದೇಶದಿಂದ ಮನೆಯಲ್ಲಿ ಬಿಚ್ಚಬಾರದು. ತೊಳೆದ ನಂತರ ಎಚ್ಚರಿಕೆಯ ದೀಪ ಹೊತ್ತಿದರೆ ಅಧಿಕ ವೋಲ್ಟೇಜ್ ವ್ಯವಸ್ಥೆಯಲ್ಲಿ ತರಬೇತಿ ಪಡೆದ ತಂತ್ರಜ್ಞರೇ ಪರೀಕ್ಷಿಸಬೇಕಾಗುತ್ತದೆ.